ಚಿಕ್ಕದಾದ ಭರತನಾಟ್ಯ ಕಾಸ್ಟ್ಯೂಮ್: ಬಿಚ್ಚಿ ಹೊಲಿಸೋದಾ, ಕೊಡೋದಾ, ಕತ್ತರಿಸೋದಾ?

ಸಿರಿಗೌರಿ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಈಗ ಹನ್ನೆರಡು. ಅವಳ ಹಳೇ ಭರತನಾಟ್ಯ ಕಾಸ್ಟ್ಯೂಮುಗಳು ಬೀರುವಿನಲ್ಲಿ ಹಾಗೇ ಕೂತಿವೆ. ಆರು ವರ್ಷದ ಅಳತೆಯದು ಆರ್ಟ್ ಸಿಲ್ಕ್ (ಕೃತಕ ರೇಷ್ಮೆ), ಎಂಟರದ್ದು ಧರ್ಮಾವರಂ, ಹತ್ತರದ್ದು ಕಂಚಿ. ಎಲ್ಲವೂ ಪೈಜಾಮ ಮಾದರಿ: ಬ್ಲೌಸ್, ಪೈಜಾಮ, ಮುಂದೆ ಬೀಸಣಿಗೆಯ ಹಾಗೆ ತೆರೆದುಕೊಳ್ಳುವ ನೆರಿಗೆಯ ಫ್ಯಾನ್, ದಾವಣಿ, ಹಿಂದೆ ಸೊಂಟದ ಕೆಳಗೆ ಕಟ್ಟುವ ಸೀಟ್ ಪೀಸ್. ಜೊತೆಗೆ ಮೂರು ಸಾಲಿನ ಗೆಜ್ಜೆ, ತಲೆಸೆಟ್ಟು (ತಲೆಗೆ ತೊಡುವ ಆಭರಣಗಳು), ಡಾಬು, ಕ್ಲಾಸಿಗೆ ಉಡುತ್ತಿದ್ದ ಕಾಟನ್ ಸೀರೆಗಳು, ಸ್ಕೂಲ್ ಡೇಗೆ ತಂದ ಲಂಬಾಣಿ ಡ್ರೆಸ್ಸು. ದೊಡ್ಡದು ಮಾಡಿಸೋಕೆ ಆಗುತ್ತಾ? ಮಾರಿದರೆ ತಗೋತಾರಾ? ಕೊಡುವುದಾದರೆ ಹೇಗೆ ಸಿದ್ಧ ಮಾಡಿ ಕೊಡಬೇಕು? ಗೆಜ್ಜೆ ಮಾತ್ರ ಹೊರಗೆ ಕೊಡಬೇಡ ಅಂತ ಮನೆಯಲ್ಲಿ ಹಿರಿಯರು ಹೇಳ್ತಿದ್ದಾರೆ. ತಿಳಿದವರು ಹೇಳಿ.

ಸೂಜಿದಾರ:
ಆರು ಮತ್ತು ಎಂಟರ ಅಳತೆಯವನ್ನು ನಿಮ್ಮ ಮಗಳಿಗೇ ದೊಡ್ಡದು ಮಾಡಿಸುವ ಯೋಚನೆ ಬಿಟ್ಟುಬಿಡಿ. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಸುಮಾರು 5-6 ಸೆಂ.ಮೀ. ಬೆಳೀತಾರೆ, ಅಂದರೆ ಎರಡು ಇಂಚಿನಷ್ಟು. ಒಳಗೆ ಎಷ್ಟೇ ಬಟ್ಟೆ ಬಿಟ್ಟಿದ್ದರೂ ಎರಡು ವರ್ಷಕ್ಕಿಂತ ಹೆಚ್ಚು ಎಳೆಯೋಕೆ ಆಗಲ್ಲ. ಕಂಚಿದನ್ನು ಮಾತ್ರ ನೋಡಿ.

ಬ್ಲೌಸ್ ಒಳಹೊರಗು ಮಾಡಿ ಪಕ್ಕದ ಹೊಲಿಗೆ ನೋಡಿ. ಎರಡು ಪಕ್ಕ, ಪ್ರತಿ ಪಕ್ಕಕ್ಕೂ ಎರಡು ಅಂಚು. ಒಂದೊಂದು ಅಂಚಿನಲ್ಲಿ ಮುಕ್ಕಾಲು ಇಂಚು ಬಿಟ್ಟರೆ ಸುತ್ತಳತೆ ಮೂರು ಇಂಚು ಹೆಚ್ಚುತ್ತೆ. ಆದರೆ ಭುಜ, ತೋಳಿನ ಸುತ್ತು ಹೀಗೆ ಬಿಡಿಸೋಕೆ ಬರಲ್ಲ. ಮಗಳನ್ನು ಕೈ ಭುಜದ ಮಟ್ಟಕ್ಕೆ ಚಾಚಿ ನಾಟ್ಯಾರಂಭದ ಭಂಗಿಯಲ್ಲಿ ನಿಲ್ಲಿಸಿ. ಕಂಕುಳಲ್ಲಿ ಹಿಡಿದರೆ ಆ ಬ್ಲೌಸ್ ಕತೆ ಮುಗೀತು, ಅದಕ್ಕೆ ದುಡ್ಡು ಹಾಕಬೇಡಿ. ಅಂಚಿನ ಬಣ್ಣಕ್ಕೆ ಹೊಂದುವ 80 ಸೆಂ.ಮೀ. ಬ್ಲೌಸ್ ಪೀಸ್ ತಂದು ಹೊಸದು ಹೊಲಿಸಿ.

ಪೈಜಾಮ ಗಿಡ್ಡವಾಗಿದ್ದರೆ ಕೆಳಗೆ ಪಟ್ಟಿ ಕೊಡಬಹುದು. ಜೋಡಿಸಿದ ಹೊಲಿಗೆ ಕಣಕಾಲಿನಿಂದ ಮೂರು-ನಾಲ್ಕು ಇಂಚಿನ ಒಳಗೇ ಬರಲಿ, ಗೆಜ್ಜೆ ಕಟ್ಟಿದಾಗ ಮುಚ್ಚಿಹೋಗುತ್ತೆ. ಉದ್ದಕ್ಕಿಂತ ದೊಡ್ಡ ತೊಂದರೆ ಆಸನದ ಕಡೆಯದು. ನಿಂತು ಅಳತೆ ತೆಗೆದರೆ ಸರಿ ಕಾಣುತ್ತೆ, ಅರೆಮಂಡಿಗೆ (ಮಂಡಿ ಹೊರಕ್ಕೆ ಬಾಗಿಸಿ ಅರ್ಧ ಕೂರುವ ನಿಲುವು) ಕೂತ ಕೂಡಲೇ ತೊಡೆ ಸಂದಿಯಲ್ಲಿ ಹರಿಯುತ್ತೆ. ಅಲ್ಲಿ ಅದೇ ಬಣ್ಣದ ಗಟ್ಟಿ ಕಾಟನ್‌ನಲ್ಲಿ ವಜ್ರಾಕಾರದ ತುಂಡು ಸೇರಿಸಿ. ಸೀಟ್ ಪೀಸ್ ಮೇಲೆ ಬರುವುದರಿಂದ ಕಾಣಲ್ಲ.

ಫ್ಯಾನ್ ಉದ್ದ ಮಾಡುವುದಾದರೆ ಕೆಳಗೆ ಕೈ ಹಾಕಬೇಡಿ. ಮೇಲೆ ಸೊಂಟದ ಪಟ್ಟಿಯ ಕಡೆ ಎರಡು-ಮೂರು ಇಂಚು ಬಟ್ಟೆ ಕೊಡಿ. ಅದು ಡಾಬು ಮತ್ತು ದಾವಣಿ ಅಡಿಗೆ ಹೋಗುತ್ತೆ. ನೆರಿಗೆ ಹಿಂದೆ ಅಡ್ಡಲಾಗಿ ಹೊಲಿದ ಟೇಪನ್ನು ಯಾವ ಕಾರಣಕ್ಕೂ ಬಿಚ್ಚಿಸಬೇಡಿ. ಒಮ್ಮೆ ಬಿಚ್ಚಿದ ನೆರಿಗೆ ಮತ್ತೆ ಅದೇ ಗೆರೆಗೆ ಕೂರುವುದು ಕಷ್ಟ.

ಒಂಟಿಕೊಪ್ಪಲ್:
ಸೂಜಿದಾರ ಹೇಳಿದ್ದು ಸರಿ, ಆದರೆ ಒಂದು ಬಿಟ್ಟರು. ಒಳಗೆ ಮಡಿಚಿದ್ದ ಬಟ್ಟೆ ಬಿಡಿಸಿದಾಗ ಹಳೇ ಮಡಿಕೆ ಗೆರೆ ಕಾಣುತ್ತೆ. ಹೊರಗಿದ್ದ ಬಟ್ಟೆ ಬಣ್ಣ ಮಾಸಿರುತ್ತೆ, ಒಳಗಿದ್ದದ್ದು ಹೊಸದರ ಹಾಗಿರುತ್ತೆ. ಇಸ್ತ್ರಿಗೆ ಇದು ಹೋಗಲ್ಲ. ಆ ಗೆರೆ ಮೇಲೆ ಸಣ್ಣ ಜರಿ ಪಟ್ಟಿ ಹಾಕಿಸಬೇಕು. ಒಂದೇ ಕಡೆ ಹಾಕಿದರೆ ತೇಪೆ ಅಂತ ಗೊತ್ತಾಗುತ್ತೆ, ಎರಡೂ ಕಾಲಿಗೆ ಸಮನಾಗಿ ಹಾಕಿಸಿ.

ಸೂಜಿದಾರ:
ಹೌದು, ಅದನ್ನೂ ಸೇರಿಸಿಕೊಳ್ಳಿ. ಅದಕ್ಕೇ ಹೊಸದು ಹೊಲಿಸುವಾಗಲೇ ಉಳಿದ ಬಟ್ಟೆ ಕೇಳಿ ತಗೊಳ್ಳಿ ಅನ್ನೋದು. ಸೀರೆ ಐದೂವರೆ ಮೀಟರ್ ಇರುತ್ತೆ, ಚಿಕ್ಕ ಮಕ್ಕಳಿಗೆ ಅಷ್ಟೂ ಬೇಕಾಗಲ್ಲ. ಅಂಚಿನ ತುಂಡು ಮುಖ್ಯ. ಅದೇ ಅಂಚು ಎರಡು ವರ್ಷ ಬಿಟ್ಟು ಅಂಗಡಿಯಲ್ಲಿ ಹುಡುಕಿದರೆ ಸಿಗಲ್ಲ.

ಹುಬ್ಳಿ ಹುಡುಗಿ:
ನೋಡ್ರಿ, ಹೊಲಸೂದು ಕೊಡೂದು ಆಮ್ಯಾಲೆ. ಮೊದ್ಲ ಬಟ್ಟಿ ಜೀವಂತ ಐತೋ ಇಲ್ಲೋ ನೋಡ್ರಿ. ಬ್ಲೌಸಿನ ಕಂಕಳ ಭಾಗ ಬೆಳಕಿಗೆ ಹಿಡೀರಿ. ಎಳಿ ಎಳಿ ಬ್ಯಾರೆ ಆಗಿ ಬೆಳಕು ತೂರಿ ಬಂತಂದ್ರ ಬೆವರಿನ ಉಪ್ಪು ರೇಷ್ಮಿ ತಿಂದೈತಿ ಅಂತ. ಆಮ್ಯಾಲೆ ಫ್ಯಾನಿನ ಮಡಿಕಿ ಮ್ಯಾಲೆ ಹೆಬ್ಬೆರಳು ಇಟ್ಟು ಮೆಲ್ಲಕ ಎರಡೂ ಕಡಿ ಎಳೀರಿ. ಟರ್ ಅಂತ ಸಪ್ಪಳ ಬಂದ್ರ ಯಾರಿಗೂ ಕೊಡಬ್ಯಾಡ್ರಿ, ಸ್ಟೇಜ್ ಮ್ಯಾಲೆ ಹರಿದು ಆ ಕೂಸಿನ ಮಾನ ಹೋಗ್ತದ. ಬೀರೂನಾಗ ಇಟ್ರ ರೇಷ್ಮಿ ಉಳೀತದ ಅನ್ನೂದು ಸುಳ್ಳು. ವರ್ಷಾನುಗಟ್ಲೆ ಒಂದ ಮಡಿಕಿಯಾಗ ಇಟ್ರ ಅದ ಗೆರಿ ಮ್ಯಾಲೆ ಸೀಳ್ತದ. ಕೊಡೂದಿದ್ರ ಈ ವರ್ಷನ ಕೊಡ್ರಿ.

ಸಿರಿಗೌರಿ:
ಕಂಕುಳು ಚೆನ್ನಾಗಿದೆ. ಆದರೆ ಕಂಚಿ ಪೈಜಾಮದ ಕೆಳ ಅಂಚಿನಲ್ಲಿ ಅಲ್ತಾ (ಕಾಲಿಗೆ ಹಚ್ಚುವ ಕೆಂಪು ಬಣ್ಣ) ಕಲೆ ಇದೆ, ಕುತ್ತಿಗೆ ಹತ್ತಿರ ಮೇಕಪ್ಪು. ಮನೆಯಲ್ಲೇ ಒಗೆಯಬಹುದಾ?

ತತ್ತಕಾರ:
ಒಗೆಯಬೇಡಿ! ಕಾಸ್ಟ್ಯೂಮ್ ಸೀರೆಯ ಹಾಗಲ್ಲ, ಒಳಗೆ ಕಾಟನ್ ಲೈನಿಂಗ್ ಇದೆ. ನೀರು ಬಿದ್ದರೆ ಲೈನಿಂಗ್ ಒಂದು ಅಳತೆಗೆ ಕುಗ್ಗುತ್ತೆ, ರೇಷ್ಮೆ ಇನ್ನೊಂದು ಅಳತೆಗೆ. ಬಟ್ಟೆ ಸುಕ್ಕುಗಟ್ಟಿ ಎಳೆದುಕೊಂಡು ನಿಲ್ಲುತ್ತೆ, ಎಷ್ಟು ಇಸ್ತ್ರಿ ಮಾಡಿದರೂ ಸರಿಹೋಗಲ್ಲ. ಸೋಪಿನ ಪುಡಿಯ ಕ್ಷಾರ ರೇಷ್ಮೆಯ ಹೊಳಪು ತೆಗೆಯುತ್ತೆ. ಬ್ಲೀಚ್ ಅಂತೂ ಮುಟ್ಟಲೇಬೇಡಿ, ಕ್ಲೋರಿನ್ ಬ್ಲೀಚಿನಲ್ಲಿ ರೇಷ್ಮೆ ಕರಗಿಯೇ ಹೋಗುತ್ತೆ.

ಮೇಕಪ್ಪಿನ ಜಿಡ್ಡಿಗೆ ಪರಿಮಳ ಇಲ್ಲದ ಟಾಲ್ಕಂ ಪೌಡರ್ ದಪ್ಪಗೆ ಉದುರಿಸಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಮೆತ್ತನೆ ಬ್ರಷ್ಷಿನಿಂದ ಒದರಿ. ಕುಂಕುಮ ಬಿದ್ದಿದ್ದರೆ ಒಣಗಿದ್ದಂತೆಯೇ ಒದರಬೇಕು, ನೀರು ಸೋಕಿದರೆ ಬಣ್ಣ ಕಚ್ಚಿಕೊಳ್ಳುತ್ತೆ. ಅಲ್ತಾ ರೇಷ್ಮೆಗೆ ಹಿಡಿದರೆ ಹೋಗಲ್ಲ, ಅದರ ಹಿಂದೆ ಬಿದ್ದು ಬಟ್ಟೆ ಹಾಳು ಮಾಡಬೇಡಿ. ಒಂಟಿಕೊಪ್ಪಲ್ ಹೇಳಿದ ಜರಿ ಪಟ್ಟಿಯನ್ನು ಆ ಕಲೆ ಮೇಲೇ ಬರುವ ಹಾಗೆ ಹಾಕಿಸಿ. ಮುಂದಕ್ಕೆ ಅಲ್ತಾ ಮೊದಲು ಹಚ್ಚಿ, ಪೂರ್ತಿ ಒಣಗಿದ ಮೇಲೆ ಪೈಜಾಮ ತೊಡಿಸಿ. ಅರ್ಧ ಗಂಟೆ ಮುಂಚೆ ಶುರು ಮಾಡಿದರೆ ಸಾಕು.

ಉಳಿದದ್ದಕ್ಕೆ ಡ್ರೈ ಕ್ಲೀನ್. ಕೊಡುವ ಮುಂಚೆ ಪಿನ್ನುಗಳೆಲ್ಲ ತೆಗೆದಿದ್ದೀರಾ ನೋಡಿ, ‘ನೆರಿಗೆ ಟೇಪ್ ಬಿಚ್ಚಬಾರದು’ ಅಂತ ಚೀಟಿ ಬರೆದು ಬ್ಲೌಸಿಗೆ ಕಟ್ಟಿ.

ಒಂಟಿಕೊಪ್ಪಲ್:
ಪ್ರತಿ ಸಲ ಡ್ರೈ ಕ್ಲೀನ್ ಮಾಡಿಸಿದರೂ ಜರಿ ಮಂಕಾಗುತ್ತೆ ಕಣ್ರೀ. ಅಂಟುವಾಳದ ನೀರಿನಲ್ಲಿ ರೇಷ್ಮೆ ಒಗೆಯುವುದು ನಮ್ಮಲ್ಲಿ ಹಿಂದಿನಿಂದ ಇದೆ.

ತತ್ತಕಾರ:
ಅಂಟುವಾಳ ಸೀರೆಗೆ ಒಳ್ಳೆಯದೇ, ನಾನು ಬೇಡ ಅನ್ನಲ್ಲ. ನನ್ನ ತಕರಾರು ಲೈನಿಂಗ್ ಬಗ್ಗೆ. ದಾವಣಿಗೆ ಲೈನಿಂಗ್ ಇಲ್ಲದಿದ್ದರೆ ಅದೊಂದನ್ನು ಅಂಟುವಾಳದಲ್ಲಿ ಅದ್ದಿ ತೆಗೆಯಿರಿ, ಅದೂ ಮೊದಲು ಒಂದು ಮೂಲೆಯನ್ನು ಬಿಳೀ ಬಟ್ಟೆ ಮೇಲೆ ಒದ್ದೆ ಮಾಡಿ ಬಣ್ಣ ಬಿಡುತ್ತಾ ನೋಡಿಕೊಂಡು. ಮತ್ತೆ, ಪ್ರತಿ ಸಲ ಡ್ರೈ ಕ್ಲೀನ್ ಬೇಕಿಲ್ಲ. ಕಾರ್ಯಕ್ರಮ ಮುಗಿದ ರಾತ್ರಿಯೇ ಒಳಹೊರಗು ಮಾಡಿ ನೆರಳಲ್ಲಿ ಹರವಿದರೆ ಅರ್ಧ ಕೆಲಸ ಆಯ್ತು. ಬೆವರು ಆರದ ಬಟ್ಟೆಯನ್ನು ಬ್ಯಾಗಿನಲ್ಲೇ ಬಿಟ್ಟು ಮೂರು ದಿನ ಆದ ಮೇಲೆ ತೆಗೆಯುತ್ತಾರೆ, ಹಾಳಾಗುವುದು ಅಲ್ಲೇ.

ಬಳೇಪೇಟೆ ಬಾಬು:
ಮಾರುವ ವಿಷಯಕ್ಕೆ ಬರ್ತೀನಿ. ಹೊಲಿಗೆ ಕೂಲಿ ವಾಪಸ್ ಬರಲ್ಲ, ಅದನ್ನು ಲೆಕ್ಕದಿಂದ ತೆಗೆದುಬಿಡಿ. ಕೊಳ್ಳುವವರೂ ಟೈಲರ್ ಹತ್ತಿರ ಮತ್ತೆ ಖರ್ಚು ಮಾಡಲೇಬೇಕು. ಹೀಗಾಗಿ ಸೀರೆ ಬೆಲೆಯ ಅರ್ಧ ಕೇಳಿದರೆ ನ್ಯಾಯ, ಆರ್ಟ್ ಸಿಲ್ಕ್ ಆದರೆ ಅದಕ್ಕೂ ಕಡಿಮೆ. ಡ್ಯಾನ್ಸ್ ಕ್ಲಾಸಿನ ಪೋಷಕರ ವಾಟ್ಸಾಪ್ ಗುಂಪಿನಲ್ಲೇ ಬೇಗ ಹೋಗುತ್ತೆ, ಭರತನಾಟ್ಯದ ಜೂನಿಯರ್ ಪರೀಕ್ಷೆ ಹತ್ತಿರ ಬಂದಾಗ ಇನ್ನೂ ಬೇಗ.

ಬರೀ ಫೋಟೋ ಹಾಕಿ ‘8 ವರ್ಷದವರಿಗೆ’ ಅಂದರೆ ಉಪಯೋಗವಿಲ್ಲ, ಒಂದೇ ವಯಸ್ಸಿನ ಮಕ್ಕಳಲ್ಲಿ ಅರ್ಧ ಅಡಿ ವ್ಯತ್ಯಾಸ ಇರುತ್ತೆ. ಈ ಅಳತೆ ಬರೆಯಿರಿ: ಮಗುವಿನ ಎತ್ತರ ಸೆಂ.ಮೀ.ನಲ್ಲಿ, ಎದೆ ಸುತ್ತಳತೆ, ಸೊಂಟ, ಭುಜ, ತೋಳಿನ ಸುತ್ತು, ಬ್ಲೌಸ್ ಉದ್ದ, ಸೊಂಟದಿಂದ ಕಣಕಾಲಿನವರೆಗೆ ಪೈಜಾಮ, ಫ್ಯಾನಿನ ಉದ್ದ. ಒಳಗೆ ಎಷ್ಟು ಇಂಚು ಬಿಟ್ಟಿದೆ ಅನ್ನುವುದನ್ನೂ ಬರೆಯಿರಿ. ಫೋಟೋದಲ್ಲಿ ಕಲೆ ಇರುವ ಜಾಗ ಮುಚ್ಚಬೇಡಿ.

ಕಂಚಿ ಅಂತ ಬರೆಯುವ ಮುಂಚೆ ಖಾತ್ರಿ ಮಾಡಿಕೊಳ್ಳಿ. ಒಳಹೊಲಿಗೆಯ ಅಂಚಿನಲ್ಲಿ ಬಟ್ಟೆಯದೇ ಒಂದು ಎಳೆ ಕಿತ್ತು ಸುಡಿ, ಹೊಲಿದ ದಾರವನ್ನಲ್ಲ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕರಗಿ ಗಟ್ಟಿ ಗುಳಿಗೆಯಾದರೆ ಪಾಲಿಯೆಸ್ಟರ್. ಕಾಗದ ಸುಟ್ಟ ಹಾಗೆ ಉರಿದರೆ ರೇಯಾನ್.

ನಗರ್ತಪೇಟೆ:
ಹಳೇ ಜರಿಗೆ ದುಡ್ಡು ಕೊಡ್ತಾರಲ್ಲ, ಅದು?

ಬಳೇಪೇಟೆ ಬಾಬು:
ಅಸಲಿ ಜರಿಗೆ ಮಾತ್ರ. ಅದು ಬೆಳ್ಳಿ ತಂತಿಯನ್ನು ರೇಷ್ಮೆ ಎಳೆಗೆ ಸುತ್ತಿ ಚಿನ್ನದ ನೀರು ಕೊಟ್ಟದ್ದು, ಕರಗಿಸಿದರೆ ಬೆಳ್ಳಿ ಸಿಗುತ್ತೆ. ಉಗುರಿನಿಂದ ಕೆರೆದಾಗ ಒಳಗೆ ಸಾಮಾನ್ಯವಾಗಿ ಕೆಂಪು ರೇಷ್ಮೆ ಎಳೆ ಕಾಣುತ್ತೆ. ಮಕ್ಕಳ ಕಾಸ್ಟ್ಯೂಮಿಗೆ ತರುವ ಸೀರೆಗಳಲ್ಲಿ ಹೆಚ್ಚಿನವು ತಾಮ್ರದ ತಂತಿ ಅಥವಾ ಪ್ಲಾಸ್ಟಿಕ್ ಪದರದ ಜರಿ, ಅದಕ್ಕೆ ಏನೂ ಬರಲ್ಲ. ಅಸಲಿಯೇ ಆದರೂ ಚಿಕ್ಕ ಕಾಸ್ಟ್ಯೂಮಿನಲ್ಲಿ ಜರಿ ಎಷ್ಟಿರುತ್ತೆ? ಇನ್ನೊಂದು ಮಗು ತೊಡಬಹುದಾದ ಬಟ್ಟೆಯನ್ನು ಜರಿಗಾಗಿ ಸುಡಿಸಬೇಡಿ.

ಉಡುಪಿ ಕಡೆಯವ:
ಗೆಜ್ಜೆ ಬಗ್ಗೆ ಯಾರೂ ಹೇಳ್ಲಿಲ್ಲ ಮಾರಾಯ್ರೆ. ನಮ್ಮ ಕರಾವಳಿ ಮಳೆಗಾಲದಲ್ಲಿ ಚರ್ಮದ ಪಟ್ಟಿ ಗೆಜ್ಜೆಗೆ ಬೂಸ್ಟು ಬಾರದೆ ಇರುವುದೇ ಇಲ್ಲ. ಒಣ ಬಟ್ಟೆಯಿಂದ ಒರೆಸಿ, ಗಾಳಿಗೆ ಇಡಿ, ಬಿಸಿಲಿಗೆ ಬೇಡ, ಚರ್ಮ ಸೆಟೆದು ಬಿರುಕು ಬಿಡ್ತದೆ. ಹಿತ್ತಾಳೆ ಹೊಳೀಲಿ ಅಂತ ಹುಣಸೆಹಣ್ಣು ಹಾಕಿ ತಿಕ್ಕುವವರು ಇದ್ದಾರೆ. ಪಟ್ಟಿಯಿಂದ ಬಿಚ್ಚದೆ ಹಾಗೆ ಮಾಡಿದ್ರೆ ಹುಳಿ ಚರ್ಮಕ್ಕೆ ಇಳೀತದೆ, ಒಳಗಿನ ಕಬ್ಬಿಣದ ಗುಂಡು ತುಕ್ಕು ಹಿಡಿದು ನಾದವೇ ಹೋಗ್ತದೆ.

ಇನ್ನು ಗೆಜ್ಜೆ ಚಿಕ್ಕದಾಗುವುದು ಅಂತ ಇಲ್ಲ. ಚಿಕ್ಕದಾಗುವುದು ಪಟ್ಟಿ. ಚಮ್ಮಾರರ ಹತ್ರ ಬಕಲ್ಲಿನ ಬೆಲ್ಟು ಎರಡು ಇಂಚು ಉದ್ದ ಮಾಡಿಸಿ, ಇಲ್ಲವೇ ದೊಡ್ಡ ಪಟ್ಟಿಗೆ ಅದೇ ಗೆಜ್ಜೆಗಳನ್ನು ಮೇಣ ಹಚ್ಚಿದ ದಾರದಲ್ಲಿ ಹೊಲಿಸಿ. ಐದು ಸಾಲು ಮಾಡುವುದಾದ್ರೆ ಹೊಸ ಗೆಜ್ಜೆ ಅದೇ ಗಾತ್ರದ್ದು ತಂದು, ಅಲ್ಲಾಡಿಸಿ ಕೇಳಿ, ನಾದ ಕೂಡಿದ್ರೆ ಮಾತ್ರ ಸೇರಿಸಿ. ಎಡ-ಬಲ ಎರಡಕ್ಕೂ ಹಳತು-ಹೊಸತು ಸಮ ಹಂಚಿ.

ಶೃಂಗೇರಿ ಶಾರದೆ:
ಗೆಜ್ಜೆಪೂಜೆ ಮಾಡಿ ಗುರುಗಳ ಕೈಯಿಂದ ತಗೊಂಡ ಗೆಜ್ಜೆಯನ್ನು ಮಾರಬಾರದು. ಹಿರಿಯರು ಹೇಳಿದ್ದೇ ಸರಿ.

ಬಳೇಪೇಟೆ ಬಾಬು:
ಮಾರಬಾರದು, ಒಪ್ಪಿದೆ. ಆದರೆ ಗೂಟಕ್ಕೆ ನೇತುಹಾಕಿ ಧೂಳು ಹಿಡಿಸುವುದು ಯಾವ ಗೌರವ? ಗುರುಗಳಿಗೇ ವಾಪಸ್ ಒಪ್ಪಿಸಿ. ಹೊಸದಾಗಿ ಸೇರಿದ, ಗೆಜ್ಜೆ ಕೊಳ್ಳೋಕೆ ಕಷ್ಟ ಇರುವ ಮಗುವಿಗೆ ಅವರೇ ಪೂಜೆ ಮಾಡಿ ಕೊಡುತ್ತಾರೆ. ಇದರಲ್ಲಿ ಸಂಪ್ರದಾಯಕ್ಕೆ ಯಾವ ಭಂಗ?

ಶೃಂಗೇರಿ ಶಾರದೆ:
ಗುರುಗಳ ಮೂಲಕ ಆದರೆ ನನ್ನ ಆಕ್ಷೇಪ ಇಲ್ಲ.

ಗಾಂಧಿಬಜಾರ್ ಅತ್ತೆ:
ಫ್ಯಾನ್ ಪೀಸನ್ನು ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶಕ್ಕೆ ಉಡಿಸಬಹುದು. ನೆರಿಗೆ ಮೊದಲೇ ಹಿಡಿದಿರುತ್ತೆ, ಸೊಂಟದ ಲಾಡಿ ಬಿಗಿದರೆ ಲಕ್ಷ್ಮಿ ಸಿದ್ಧ. ಆರು ವರ್ಷದವರ ಅಳತೆ ಸರಿಯಾಗಿ ಕೂರುತ್ತೆ.

ಶೃಂಗೇರಿ ಶಾರದೆ:
ಬೆವರು ಸೋಕಿದ, ತೊಟ್ಟ ಬಟ್ಟೆ ದೇವಿಗೆ ಉಡಿಸೋದಾ? ಮಡಿ ಅನ್ನೋದು ಬೇಡವೇ ಅತ್ತೆ?

ಗಾಂಧಿಬಜಾರ್ ಅತ್ತೆ:
ನಾಟ್ಯಕ್ಕೆ ತೊಟ್ಟದ್ದು ಮೈಲಿಗೆ ಅಂತ ನನಗೆ ಅನಿಸಲ್ಲ ತಾಯಿ. ಅದನ್ನು ತೊಟ್ಟು ಮಗು ದೇವರ ಮುಂದೇ ಪುಷ್ಪಾಂಜಲಿ ಮಾಡಿರುತ್ತೆ. ಮನಸ್ಸು ಒಪ್ಪದಿದ್ದರೆ ಬಿಡಿ, ದಸರಾ ಗೊಂಬೆಗೆ ಉಪಯೋಗಿಸಿ. ಸೀಟ್ ಪೀಸಿನ ಅಂಚು ಕತ್ತರಿಸಿ ಪಟ್ಟದ ಗೊಂಬೆಗೆ ಸೀರೆ, ಶಲ್ಯ ಮಾಡಬಹುದು. ಮಡಿಕೆಯಲ್ಲಿ ಸೀಳಿದ ಬಟ್ಟೆಗೂ ಇದು ಆಗುತ್ತೆ, ಗೊಂಬೆ ಅರೆಮಂಡಿ ಕೂರಲ್ಲವಲ್ಲ. ಕತ್ತರಿಸಿದ ಅಂಚನ್ನು ಕೂಡಲೇ ಮಡಿಚಿ ಹೊಲಿಯಿರಿ, ಇಲ್ಲದಿದ್ದರೆ ಜರಿ ಎಳೆ ಬಿಚ್ಚುತ್ತಾ ಹೋಗುತ್ತೆ.

ನಗರ್ತಪೇಟೆ:
ವಿಷಯ ಬಿಟ್ಟು ಕೇಳ್ತೀನಿ. ನಮ್ಮ ಮೈಸೂರು ಸಿಲ್ಕ್ ಇಷ್ಟು ಚೆನ್ನಾಗಿರುವಾಗ ಎಲ್ಲರೂ ಕಂಚಿ, ಧರ್ಮಾವರಂ ಅಂತಾರಲ್ಲ, ಯಾಕೆ?

ಸೂಜಿದಾರ:
ಮೈಸೂರು ಸಿಲ್ಕ್ ಕ್ರೇಪ್ ಬಟ್ಟೆ. ಮೈಮೇಲೆ ಇಳಿಬೀಳುತ್ತೆ, ಅದೇ ಅದರ ಚೆಲುವು. ಫ್ಯಾನಿಗೆ ಬೇಕಾದದ್ದು ಸೆಟೆದು ನಿಲ್ಲುವ ಬಟ್ಟೆ, ಅರೆಮಂಡಿಯಲ್ಲಿ ಬೀಸಣಿಗೆ ಬಿಚ್ಚಿದ ಹಾಗೆ ತೆರೆದುಕೊಂಡು ಎದ್ದಾಗ ತಾನೇ ಮುಚ್ಚಬೇಕು. ಕ್ರೇಪಿನಲ್ಲಿ ನೆರಿಗೆ ಜೋತುಬೀಳುತ್ತೆ. ಹಳೇ ಮೈಸೂರು ಸಿಲ್ಕ್ ಸೀರೆ ಇದ್ದರೆ ದಾವಣಿ ಮಾಡಿ, ಚೆನ್ನಾಗಿ ಕೂರುತ್ತೆ.

ಒಂಟಿಕೊಪ್ಪಲ್:
ಈ ಹೊಲಿದ ಕಾಸ್ಟ್ಯೂಮ್ ಅನ್ನುವುದೇ ಇತ್ತೀಚಿನದು. 1930ರ ದಶಕದಲ್ಲಿ ರುಕ್ಮಿಣಿ ದೇವಿಯವರ ಕಾಲದಿಂದ ಬಂದದ್ದು. ಅದಕ್ಕೆ ಮುಂಚೆ ಸೀರೆಯನ್ನೇ ಕಟ್ಟಿಕೊಳ್ಳುತ್ತಿದ್ದರು. ಕಟ್ಟುವ ಸೀರೆಗೆ ಚಿಕ್ಕದಾಗುವ ಪ್ರಶ್ನೆಯೇ ಇಲ್ಲ. ಚಿಕ್ಕ ಮಕ್ಕಳ ಕಾಸ್ಟ್ಯೂಮನ್ನೂ ಸೀರೆ ಕತ್ತರಿಸದೆ, ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ ಮಾಡಬೇಕು ಅನ್ನೋದು ನನ್ನ ಅಭಿಪ್ರಾಯ.

ಸೂಜಿದಾರ:
ಕಚ್ಚಾ ಹೊಲಿಗೆ ಫ್ಯಾನಿಗೆ, ದಾವಣಿಗೆ ನಡೆಯುತ್ತೆ. ಪೈಜಾಮಕ್ಕೆ ನಡೆಯಲ್ಲ, ಮುಳುಮಂಡಿಗೆ, ಅಂದರೆ ಪೂರ್ತಿ ಕೆಳಗೆ, ಕೂತಾಗ ಕಿತ್ತು ಬರುತ್ತೆ. ಎಂಟು ವರ್ಷದೊಳಗಿನವರಿಗೆ ಬಾಡಿಗೆ ತರುವುದೇ ವಾಸಿ.

ಕೋಲಾರದ ಮೇಷ್ಟ್ರು:
ಕೊಡುವ ಮನಸ್ಸಿದ್ದವರಿಗೆ ಒಂದು ವಿನಂತಿ. ಸರ್ಕಾರಿ ಶಾಲೆಗಳಲ್ಲಿ ಪ್ರತಿಭಾ ಕಾರಂಜಿ ನಡೆಯುತ್ತೆ. ಕ್ಲಸ್ಟರ್ (ಅಕ್ಕಪಕ್ಕದ ಕೆಲವು ಶಾಲೆಗಳ ಗುಂಪು), ತಾಲ್ಲೂಕು, ಜಿಲ್ಲೆ, ರಾಜ್ಯ ಅಂತ ಹಂತ ಹಂತವಾಗಿ. ಜನಪದ ನೃತ್ಯ, ಛದ್ಮವೇಷ, ಭರತನಾಟ್ಯ ಇರುತ್ತೆ. ಎಷ್ಟೋ ಮಕ್ಕಳು ಚೆನ್ನಾಗಿ ಕುಣಿದರೂ ಬಾಡಿಗೆ ಕೊಡಲಾಗದೆ ಹಿಂದೆ ಉಳೀತಾರೆ. ಕ್ಲಸ್ಟರ್ ಮಟ್ಟದ ಸ್ಪರ್ಧೆಗೆ ಕನಿಷ್ಠ ಒಂದು ತಿಂಗಳು ಮುಂಚೆ ಕೊಡಿ, ಅಳತೆ ಸರಿಮಾಡಲು ಸಮಯ ಬೇಕು. ಒಂದು ಕಾಸ್ಟ್ಯೂಮಿನ ಎಲ್ಲಾ ಪೀಸುಗಳನ್ನು ಒಂದೇ ಬಟ್ಟೆ ಚೀಲದಲ್ಲಿ ಹಾಕಿ, ಹೊರಗೆ ಮಗುವಿನ ಎತ್ತರ ಸೆಂ.ಮೀ.ನಲ್ಲಿ ಬರೆಯಿರಿ: 110-120, 120-130, ಹೀಗೆ. ಯಾವುದರ ಮೇಲೆ ಯಾವುದು ಕಟ್ಟಬೇಕು ಅನ್ನುವ ಕ್ರಮವನ್ನೂ ಬರೆದಿಡಿ: ಪೈಜಾಮ, ಬ್ಲೌಸ್, ಸೀಟ್ ಪೀಸ್, ಫ್ಯಾನ್, ದಾವಣಿ, ಕೊನೆಗೆ ಡಾಬು. ತೊಡಿಸಿದ ಒಂದು ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಇದಿಲ್ಲದೆ ಬಂದ ಕಾಸ್ಟ್ಯೂಮುಗಳು ತೊಡಿಸಲು ಗೊತ್ತಾಗದೆ ಪೆಟ್ಟಿಗೆಯಲ್ಲೇ ಉಳಿಯುತ್ತವೆ.

ಹುಬ್ಳಿ ಹುಡುಗಿ:
ಮೇಷ್ಟ್ರ, ಭಾಳ ಛಲೋ ಹೇಳಿದ್ರಿ. ಹುಕ್ಕು, ಲಾಡಿ ಹೊಸಾವು ಹಾಕಿ ಕೊಡ್ರಿ ಎಲ್ಲಾರೂ.

ನಗರ್ತಪೇಟೆ:
ಡ್ಯಾನ್ಸ್ ಕ್ಲಾಸಿಗೆ ಉಚಿತವಾಗಿ ಕೊಟ್ಟರೆ ಅದನ್ನೇ ಬಾಡಿಗೆಗೆ ಬಿಡುವವರಿದ್ದಾರೆ. ಎಚ್ಚರ.

ತತ್ತಕಾರ:
ಡ್ರೈ ಕ್ಲೀನ್, ರಿಪೇರಿ ಖರ್ಚಿಗೆ ಸ್ವಲ್ಪ ತಗೊಂಡರೆ ತಪ್ಪೇನು? ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಕೊಡುವಾಗಲೇ ಬಾಯಿಬಿಟ್ಟು ಹೇಳಿ. ತಲೆಗೆ ಕಟ್ಟುವ ಚೌರಿ ಮಾತ್ರ ಯಾರಿಗೂ ಕೊಡಬೇಡಿ, ಹೇನು ಹರಡುತ್ತೆ.

ಡಲ್ಲಾಸ್ ಕನ್ನಡತಿ:
ತಲೆಸೆಟ್ಟಿನಲ್ಲಿ ಕೆಂಪು ಕಲ್ಲು ಉದುರಿದ್ದರೆ ಏನು ಮಾಡಬೇಕು? ಇಲ್ಲಿ ರಿಪೇರಿ ಮಾಡುವವರು ಸಿಗಲ್ಲ.

ಬಳೇಪೇಟೆ ಬಾಬು:
ತಕ್ಷಣ ಅಂಟುವ ಗಮ್ ಹಾಕಬೇಡಿ, ಕಲ್ಲಿನ ಸುತ್ತ ಬೆಳ್ಳಗೆ ಮಂಜು ಕಟ್ಟುತ್ತೆ. ಎರಡು ಟ್ಯೂಬ್ ಬೆರೆಸುವ ಎಪಾಕ್ಸಿ ಅಂಟನ್ನು ಕಡ್ಡಿ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಇಟ್ಟು, ಕಲ್ಲು ಕೂರಿಸಿ ಒಂದು ದಿನ ಮುಟ್ಟದೆ ಬಿಡಿ. ಬೈತಲೆ ಬೊಟ್ಟು, ಅದರ ಎರಡು ಬದಿಯ ಸೂರ್ಯ, ಚಂದ್ರ, ತಲೆ ಹಿಂದಿನ ರಾಕಡಿ ಬೇರೆ ಬೇರೆ ಹತ್ತಿಯಲ್ಲಿ ಸುತ್ತಿಡಿ, ಒಂದಕ್ಕೊಂದು ಉಜ್ಜಬಾರದು. ನಾಗರಕೋಯಿಲ್ ಕಡೆಯ ಕೈಕೆಲಸದ ಸೆಟ್ಟು ಇದ್ದರೆ ಕೊಡುವ ಯೋಚನೆಯೇ ಬೇಡ, ಆ ಕೆಲಸಕ್ಕೆ ಭೌಗೋಳಿಕ ಸೂಚಿಕೆಯೇ (ಆ ಊರಿನದೇ ವಿಶೇಷ ಅನ್ನುವ ಸರ್ಕಾರಿ ಮಾನ್ಯತೆ, ಜಿಐ) ಇದೆ. ದೊಡ್ಡವರಾದ ಮೇಲೂ ಬೈತಲೆ ಸರ ಉದ್ದ ಮಾಡಿ ತೊಡಬಹುದು. ಡಾಬಿಗೆ ಹಿಂದೆ ಕೊಂಡಿ ಸರ ಸೇರಿಸಿದರೆ ಸಾಕು.

ತತ್ತಕಾರ:
ಸೇರಿಸುವುದೊಂದು. ಮಡಿಚಿದ ಕಾಸ್ಟ್ಯೂಮಿಗೆ ರಬ್ಬರ್ ಬ್ಯಾಂಡ್ ಹಾಕಬೇಡಿ, ಅದರಲ್ಲಿರುವ ಗಂಧಕಕ್ಕೆ ಬೆಳ್ಳಿ ಜರಿ ಕಪ್ಪಾಗುತ್ತೆ. ನುಸಿಗುಳಿಗೆಯೂ ಜರಿಗೆ ತಾಗಬಾರದು. ಬಜೆ ಬೇರು, ಲವಂಗ ಚಿಕ್ಕ ಬಟ್ಟೆ ಗಂಟಿನಲ್ಲಿ ಇಡಿ. ಫ್ಯಾನನ್ನು ನೆರಿಗೆಯ ಉದ್ದಕ್ಕೇ ಕೂಡಿಸಿ ಹಳೇ ಪಂಚೆಯಲ್ಲಿ ಸುತ್ತಿ ಮಲಗಿಸಿ, ಅಡ್ಡ ಮಡಿಚಬೇಡಿ.

ಸಿರಿಗೌರಿ:
ಎಷ್ಟು ವಿಷಯ ಹೇಳಿದಿರಿ, ತುಂಬಾ ಧನ್ಯವಾದ. ಕಂಚಿದಕ್ಕೆ ಹೊಸ ಬ್ಲೌಸ್ ಹೊಲಿಸ್ತೀನಿ. ಉಳಿದೆರಡು ಮೇಷ್ಟ್ರು ಹೇಳಿದ ಹಾಗೆ ಚೀಲ ಮಾಡಿ ಶಾಲೆಗೆ. ಲಂಬಾಣಿ ಡ್ರೆಸ್ಸು, ಕಾಟನ್ ಸೀರೆ ಉಳೀತು.

ಸಂಡೂರು ಕಡೆಯವಳು:
ಲಂಬಾಣಿ ಡ್ರೆಸ್ಸಿನ ಕನ್ನಡಿ ನೋಡಿ. ದಾರದಿಂದ ಸುತ್ತಲೂ ಹೊಲಿದ ಗಾಜಿನ ಕನ್ನಡಿ ಆದರೆ ಕೈಕೆಲಸ. ನಮ್ಮ ಸಂಡೂರಿನ ಲಂಬಾಣಿ ಕಸೂತಿಗೂ ಭೌಗೋಳಿಕ ಸೂಚಿಕೆ ಇದೆ. ಅಂಥದ್ದಾದರೆ ಆ ತುಂಡನ್ನು ತೆಗೆದು ಚೀಲದ ಮೇಲಾದರೂ ಹೊಲಿಸಿ, ಎಸೆಯಬೇಡಿ. ಪ್ಲಾಸ್ಟಿಕ್ ಕನ್ನಡಿ ಅಂಟಿಸಿದ ಪಾಲಿಯೆಸ್ಟರ್ ಆದರೆ ಛದ್ಮವೇಷಕ್ಕೆ ಯಾರಿಗಾದರೂ ಕೊಡಿ. ದೀಪ ಹಿಡಿಯುವ ನೃತ್ಯಕ್ಕೆ ಮಾತ್ರ ಬೇಡ, ಆ ಬಟ್ಟೆಗೆ ಕಿಡಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತೆ.

ಹುಬ್ಳಿ ಹುಡುಗಿ:
ಕಾಟನ್ ಸೀರಿ ನನಗ ಬಿಡ್ರಿ, ಕೌದಿಗೆ ಅದಕ್ಕಿಂತ ಛಲೋ ಅರಿವಿ ಇಲ್ಲ. ಒಗದು ಒಗದು ಮೆತ್ತಗ ಆಗಿರ್ತದ.

ಗಾಂಧಿಬಜಾರ್ ಅತ್ತೆ:
ಕೌದಿ ಮಧ್ಯೆ ರೇಷ್ಮೆ ತುಂಡೂ ಹಾಕಬಹುದಾ? ನೋಡೋಕೆ ಚೆನ್ನಾಗಿರುತ್ತೆ.

ಹುಬ್ಳಿ ಹುಡುಗಿ:
ಬ್ಯಾಡ್ರಿ ಅತ್ತಿ. ರೇಷ್ಮಿ ಜಾರ್ತದ, ಪದರ ಕೂಡಿ ನಿಲ್ಲಂಗಿಲ್ಲ, ಒಗದಾಗ ಕಾಟನ್ ಕುಗ್ಗಿ ರೇಷ್ಮಿ ಗುಬ್ಬು ಏಳ್ತದ. ಜರಿ ಅಂಚು ಇದ್ರ ಮೈಗೆ ಚುಚ್ತದ. ಕೂಸಿನ ಕೌದಿಗೆ ಮೂರು ಪದರ ಹಳೀ ಕಾಟನ್ ಸಾಕು. ಹೊರಗಿನ ಅಂಚಿನಿಂದ ಶುರು ಮಾಡಿ ಒಳಗ ಸುತ್ತುಕೋತ ಹೊಲೀರಿ, ಸಾಲಿನ ನಡುವ ಒಂದ ಬೆರಳು ಅಂತರ ಇರ್ಲಿ. ನಡುವಿನಿಂದ ಹೊರಗ ಹೋದ್ರ ಮೂಲಿ ಸೊಟ್ಟ ಆಗ್ತಾವ.

ಗಾಂಧಿಬಜಾರ್ ಅತ್ತೆ:
ದಾರ ಯಾವುದು? ಮಷಿನ್ ದಾರ ಆಗುತ್ತಾ?

ಹುಬ್ಳಿ ಹುಡುಗಿ:
ಒಂಟಿ ಎಳಿ ಮಷಿನ್ ದಾರ ಹರೀತದ. ದಪ್ಪ ಕಾಟನ್ ದಾರ ತಗೋರಿ, ಇಲ್ಲಂದ್ರ ಮಷಿನ್ ದಾರಾನ ನಾಲ್ಕು ಎಳಿ ಕೂಡಿಸಿ ಮೇಣ ಹಚ್ಚಿ ಹೊಲೀರಿ.